ಕರೆದೊಯ್ಯಲು ಬಂದವರು

“ಬಿಡುಗಡೆ ಕೇಳ್ಕೊಂಡು ಬರೋ ಗಂಡಸರ ಮುಖ ನೋಡ್ಬೇಡಮ್ಮ, ಕಾಲು ನೋಡು. ನಿಜವಾದ ಅಣ್ಣತಮ್ಮಂದಿರ ಕಾಲಲ್ಲಿ ಧೂಳಿರುತ್ತೆ. ದಲ್ಲಾಳಿ ಚಪ್ಪಲಿ ಹೊಸದಿರುತ್ತೆ.” ಕೆಲಸಕ್ಕೆ ಸೇರಿದ ಮೊದಲ ವಾರ ಹಿರಿಯ ಅಧಿಕಾರಿಯೊಬ್ಬರು ನನಗೆ ಮಾಡಿದ ಉಪದೇಶ ಇದು. ಶುದ್ಧ ತಪ್ಪು. ದಲ್ಲಾಳಿಗಳೂ ನಮ್ಮಂತೆ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದರು, ಅವರ ಚಪ್ಪಲಿಯೂ ಸವೆದಿರುತ್ತಿತ್ತು. ಈ ಕೆಲಸದಲ್ಲಿ ಹಿರಿಯರು ಹೇಳಿಕೊಡುವ ಉಪಾಯಗಳನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ. ನನ್ನದನ್ನೂ ಸೇರಿಸಿ ಹೇಳುತ್ತಿದ್ದೇನೆ.

ನಾನು ಪ್ರೊಬೇಷನ್ ಅಧಿಕಾರಿಯಾಗಿದ್ದೆ. ಹಾಗೆಂದರೆ ಏನೆಂದು ನಮ್ಮ ಮನೆಯವರಿಗೇ ಕೊನೆಯವರೆಗೂ ತಿಳಿಯಲಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೆಜೆಸ್ಟಿಕ್ ಸುತ್ತಿನ ಲಾಡ್ಜುಗಳ ಮೇಲೆ ಪೊಲೀಸರು ದಾಳಿ ಮಾಡಿ ಹೆಂಗಸರನ್ನು ಹಿಡಿಯುತ್ತಿದ್ದರು. ಅವರಲ್ಲಿ ಕೆಲವರನ್ನು ಕೋರ್ಟು ನಮ್ಮ ಸರ್ಕಾರಿ ಮಹಿಳಾ ನಿಲಯಕ್ಕೆ ಕಳಿಸುತ್ತಿತ್ತು. ಅವರು ಯಾರು, ಮನೆ ಎಲ್ಲಿ, ಇಲ್ಲಿಗೆ ಹೇಗೆ ಬಂದರು, ಅವರನ್ನು ಯಾರ ಕೈಗೆ ಒಪ್ಪಿಸಬಹುದು ಎಂದು ವಿಚಾರಿಸಿ ಕೋರ್ಟಿಗೆ ವರದಿ ಬರೆಯುವುದು ನನ್ನ ಕೆಲಸ. ಈಗ ಇದೇ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕಥೆ ಬೇಡ. ಅವು ಸೇವಾ ಪುಸ್ತಕದಲ್ಲಿವೆ, ಅಲ್ಲೂ ಅವನ್ನು ಯಾರೂ ಓದುವುದಿಲ್ಲ.

ನಮ್ಮದು ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಲಿಂಗಾಯತರ ಮನೆ, ವಾಸ ಚಾಮರಾಜಪೇಟೆ. ನನಗೆ ಕೆಲಸ ಸಿಕ್ಕಿದಾಗ ಅಮ್ಮ ಖುಷಿಪಟ್ಟಳು, ಕೆಲಸ ಏನೆಂದು ತಿಳಿದ ಮೇಲೆ ಊಟ ಬಿಟ್ಟಳು. “ಯಾರಾದ್ರೂ ಕೇಳಿದ್ರೆ ಗೌರ್ಮೆಂಟ್ ಕೆಲಸ ಅಂದ್ಬಿಡು ಗಿರಿಜಾ. ಯಾವ ಇಲಾಖೆ ಅಂತ ಬಾಯಿಬಿಡ್ಬೇಡ” ಎಂದಳು. ಪಕ್ಕದ ಮನೆಯವರು ನಾನು ಅಂಗನವಾಡಿಗೆ ಹಾಲಿನ ಪುಡಿ ಹಂಚುವವಳೆಂದು ತಿಳಿದುಕೊಂಡು, ಮೊಮ್ಮಗನಿಗೆ ಒಂದು ಡಬ್ಬ ತಂದುಕೊಡು ಎಂದು ವರ್ಷಗಟ್ಟಲೆ ಕಾಡಿದರು. ನಾಚಿಕೆಪಡುವ ಕೆಲಸ ಇದಲ್ಲ ಎಂದು ನನಗೆ ಅಂದೂ ಗೊತ್ತಿತ್ತು. ನೀವೂ ನಾಚಿಕೊಳ್ಳಬೇಡಿ.

ನಿಲಯದ ಸೂಪರಿಂಟೆಂಡೆಂಟ್ ಕಮಲಮ್ಮನವರು ಮಲ್ಲೇಶ್ವರದವರು. ಬಹಳ ಒಳ್ಳೆಯ ಮನುಷ್ಯರು. ಯಾರಿಗಾದರೂ ಜ್ವರ ಬಂದರೆ ತಮ್ಮ ಮನೆಯಿಂದ ಗಂಜಿ ಮಾಡಿಸಿಕೊಂಡು ಬರುತ್ತಿದ್ದರು. ಆದರೆ ದಾರಿ ತಪ್ಪಿದ ಹೆಣ್ಣಿಗೆ ಭಜನೆ ಮತ್ತು ಹೊಲಿಗೆಗಿಂತ ದೊಡ್ಡ ಔಷಧ ಇಲ್ಲವೆಂದು ಅವರು ನಂಬಿದ್ದರು. ಒಳಗೆ ಬಂದವಳಿಗೆ ಇಪ್ಪತ್ತಾಗಿರಲಿ, ನಲವತ್ತಾಗಿರಲಿ, ಲಂಗ ಹೊಲಿಯಲು ಕೂರಿಸುತ್ತಿದ್ದರು. ಒಮ್ಮೆ ನಾಗರತ್ನ ಎಂಬುವಳು ಹೊಲಿದ ಲಂಗಗಳ ರಾಶಿ ನೋಡಿ, “ಮೇಡಂ, ಊರಲ್ಲಿ ಹೆಂಗಸರೆಲ್ಲ ಚೂಡಿದಾರಕ್ಕೆ ಹೋಗ್ಬಿಟ್ರು. ಇಷ್ಟೊಂದು ಲಂಗ ಯಾರು ಉಡ್ತಾರೆ?” ಎಂದು ಕೇಳಿದಳು. ಕಮಲಮ್ಮನವರಿಗೆ ಕೋಪ ಬಂತು. ನನಗೆ ನಗು ಬಂತು, ಆಚೆ ಹೋಗಿ ನಕ್ಕೆ.

ನಾಗರತ್ನ ಮೂವತ್ತು ದಾಟಿದವಳು. ಓಕಳಿಪುರದಲ್ಲಿ ತಾಯಿ ಮತ್ತು ಶಾಲೆಗೆ ಹೋಗುವ ಮಗಳೊಂದಿಗೆ ಇದ್ದಳು. ಮೆಜೆಸ್ಟಿಕ್ಕಿನಲ್ಲಿ ದಂಧೆ ಮಾಡುತ್ತಿದ್ದಳು, ಅದನ್ನು ನನ್ನ ಮುಂದೆ ಎಂದೂ ಮುಚ್ಚಿಡಲಿಲ್ಲ. ದಾಳಿಗಳಲ್ಲಿ ಸಿಕ್ಕಿಬಿದ್ದು ನಮ್ಮಲ್ಲಿಗೆ ಹಲವು ಸಲ ಬಂದು ಹೋಗಿದ್ದಳು. ಬಾಯಿ ಜೋರು. ಸುಳ್ಳನ್ನೂ ಹೇಳುತ್ತಿದ್ದಳು, ಅದೂ ಜೋರಾಗಿಯೇ. ಅವಳ ಮಾತನ್ನು ನಾನು ಎಲ್ಲ ಸಲವೂ ನಂಬುತ್ತಿರಲಿಲ್ಲ.

ನಿಲಯದಲ್ಲಿ ಒಂದು ರೂಢಿಯಿತ್ತು. ಒಳಗೆ ಬಂದ ಹೆಂಗಸು ಹೊರಗೆ ಹೋಗಬೇಕಾದರೆ ಒಬ್ಬ ಗಂಡಸು ಬಂದು ಸಹಿ ಹಾಕಬೇಕು. ಅಪ್ಪ, ಗಂಡ, ಅಣ್ಣ, ಚಿಕ್ಕಪ್ಪ, ಯಾರಾದರೂ ಸರಿ. ಬಲಿತ ಹೆಂಗಸಿಗೂ ಹೀಗೇ ಮಾಡಿ ಎಂದು ಯಾರೂ ಬರೆದುಕೊಟ್ಟಿರಲಿಲ್ಲ, ನಡೆದುಕೊಂಡು ಬಂದಿತ್ತು ಅಷ್ಟೆ. ಎರಡು ಮಕ್ಕಳ ತಾಯಿಯೊಬ್ಬಳು ಇನ್ನೂ ಮೀಸೆ ಸರಿಯಾಗಿ ಬಾರದ ಅಕ್ಕನ ಮಗನ ಸಹಿಯ ಮೇಲೆ ಬಿಡುಗಡೆಯಾಗಿ ಹೋದದ್ದನ್ನು ನಾನು ಕಂಡಿದ್ದೇನೆ. ಅವಳಿಗೆ ಏನು ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರು ಯಾರಿದ್ದಾರೆ?

ಈ ರೂಢಿ ದಲ್ಲಾಳಿಗಳಿಗೆ ಹಬ್ಬವಾಗಿತ್ತು. ಪೊಲೀಸರು ಹಿಡಿದು ತಂದ ಹುಡುಗಿಯನ್ನು ಮರುದಿನವೇ ‘ಅಣ್ಣ’ನಾಗಿ ಬಂದು ಬಿಡಿಸಿಕೊಂಡು ಹೋಗುತ್ತಿದ್ದರು. ಸ್ಟುಡಿಯೋದಲ್ಲಿ ಹಾರ ಹಾಕಿಕೊಂಡು ತೆಗೆಸಿದ ಮದುವೆಯ ಫೋಟೋ ಹಿಡಿದುಕೊಂಡು ‘ಗಂಡ’ನೂ ಬರುತ್ತಿದ್ದ. ಹೆದರಿದ ಹುಡುಗಿ ಹೌದು ಎಂದು ತಲೆಯಾಡಿಸುತ್ತಿದ್ದಳು. ಊರು, ಅಪ್ಪನ ಹೆಸರು, ಓದಿದ ಶಾಲೆ ಎಲ್ಲವನ್ನೂ ಇಬ್ಬರೂ ಬಾಯಿಪಾಠ ಮಾಡಿರುತ್ತಿದ್ದರು.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮಲ್ಲಿ ಸಂಬಂಧ ನೋಡಲು ಬಂದವರನ್ನು ಮೊದಲು ಕೇಳುವುದೇನು? ಮನೆದೇವರು ಯಾವುದು ಎಂದು. ಅದನ್ನೇ ಕೇಳಲು ಶುರುಮಾಡಿದೆ, ಇಬ್ಬರನ್ನೂ ಬೇರೆಬೇರೆ ಕೂರಿಸಿ. ಮೊದಲ ದಿನವೇ ಮೀನು ಬಲೆಗೆ ಬಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ‘ಅಣ್ಣ’ ತಿರುಪತಿ ತಿಮ್ಮಪ್ಪ ಎಂದ. ತಂಗಿ ಯಡಿಯೂರು ಸಿದ್ಧಲಿಂಗೇಶ್ವರ ಎಂದಳು.

“ಏನಪ್ಪಾ, ಒಂದೇ ಮನೇಲಿ ಹುಟ್ಟಿದವರಿಗೆ ಮನೆದೇವ್ರು ಬೇರೆಬೇರೆನಾ?” ಎಂದೆ.

“ನಮ್ಮನೇಲಿ ಎಲ್ಲಾ ದೇವ್ರಿಗೂ ನಡ್ಕೋತೀವಿ ಮೇಡಂ” ಎಂದ.

“ಹಾಗಾದ್ರೆ ಪೊಲೀಸ್ನೋರಿಗೂ ಸ್ವಲ್ಪ ನಡ್ಕೋ” ಎಂದು ಕಾನ್‌ಸ್ಟೇಬಲ್ಲಿಗೆ ಒಪ್ಪಿಸಿದೆ.

ನನ್ನ ಹೆಸರು ಹಬ್ಬಿತು. ಕೋರ್ಟಿನ ಜವಾನರು ‘ಮನೆದೇವ್ರ ಮೇಡಂ’ ಎಂದು ಕರೆಯತೊಡಗಿದರು. ಕಮಲಮ್ಮನವರು ಪ್ರಶ್ನೆಯನ್ನು ನಿಯಮವನ್ನಾಗಿ ಮಾಡಿಬಿಟ್ಟರು, ನಾನಿಲ್ಲದ ದಿನ ತಾವೇ ಕೇಳುತ್ತಿದ್ದರು. ನಿಯಮವಾದ ಮೇಲೆ ಎಡವಟ್ಟು ಆಗಲೇಬೇಕಲ್ಲ, ಆಯಿತು. ಹಾಸನದ ಕಡೆಯ ಒಬ್ಬ ಗಂಡ ಬಾಳೆಹಣ್ಣು ತರಲು ಹೋದಾಗ, ಬಸ್ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ನಿಂತಿದ್ದ ಅವನ ಹೆಂಡತಿಯನ್ನು ಪೊಲೀಸರು ಉಳಿದವರ ಜೊತೆ ವ್ಯಾನಿಗೆ ಹತ್ತಿಸಿದ್ದರು. ಅವನು ಅಳುತ್ತಾ ನಿಲಯಕ್ಕೆ ಬಂದ. ಮನೆದೇವರು ಮೈಲಾರಲಿಂಗ ಎಂದ. ಅವಳು ಕಬ್ಬಾಳಮ್ಮ ಎಂದಳು. ಕಮಲಮ್ಮನವರು ಅವನನ್ನು ದಲ್ಲಾಳಿಯೆಂದು ಬೆಂಚಿನ ಮೇಲೆ ಕೂರಿಸಿಬಿಟ್ಟರು. ನಾನು ಬರುವ ಹೊತ್ತಿಗೆ ಬಾಳೆಹಣ್ಣು ಕಪ್ಪಾಗಿತ್ತು. ಹುಡುಗಿಯನ್ನು ಕೇಳಿದರೆ, “ಮದ್ವೆ ಆಗಿ ಇನ್ನೂ ಅವ್ರ ಮನೆದೇವ್ರಿಗೆ ಹೋಗೇ ಇಲ್ಲ ಮೇಡಂ, ನಂಗೆ ಹೆಂಗೆ ಗೊತ್ತಾಗ್ಬೇಕು?” ಎಂದಳು. ಅವಳು ಹೇಳಿದ್ದು ತವರುಮನೆಯ ದೇವರನ್ನು. ಮದುವೆಯಾದ ಹೆಣ್ಣಿಗೆ ದೇವರೂ ಬದಲಾಗುತ್ತದೆ ಎಂಬುದು ನಮ್ಮಂಥ ಮದುವೆಯಾದ ಹೆಂಗಸರಿಗೇ ಹೊಳೆದಿರಲಿಲ್ಲ. ಅಂದಿನಿಂದ ‘ಅಪ್ಪನ ಮನೆಯ ದೇವರು’ ಎಂದು ಬಿಡಿಸಿ ಕೇಳಲು ಶುರುಮಾಡಿದೆವು.

ಇಷ್ಟಾದರೂ ಪ್ರಶ್ನೆಯ ಮೇಲೆ ನನಗೆ ನಂಬಿಕೆ ಹೋಗಿರಲಿಲ್ಲ. ಅದು ಹೋದದ್ದು ಮಂಜುಳಾ ಬಂದಾಗ.

ಒಂದು ಲಾಡ್ಜಿನ ದಾಳಿಯಲ್ಲಿ ಸಿಕ್ಕವರಲ್ಲಿ ಮಂಜುಳಾ ಇದ್ದಳು, ನಾಗರತ್ನಳೂ ಇದ್ದಳು. ಮಂಜುಳಾ ತನಗೆ ಹತ್ತೊಂಬತ್ತು ಎಂದಳು, ನೋಡಿದರೆ ಹಾಗೆ ಕಾಣುತ್ತಿರಲಿಲ್ಲ. ಪೊಲೀಸರೂ ಹತ್ತೊಂಬತ್ತೆಂದೇ ಬರೆದಿದ್ದರು. ನಾಗರತ್ನ ಈ ಸಲ ಪೊಲೀಸರಿಗೆ, ತಾನು ನೆಂಟರ ಮದುವೆಗೆ ಬಂದು ಆ ಲಾಡ್ಜಿನಲ್ಲಿ ಇಳಿದುಕೊಂಡಿದ್ದೆ ಎಂದು ಕಥೆ ಕಟ್ಟಿದ್ದಳು. ಓಕಳಿಪುರದ ಯಾರೋ ಒಬ್ಬ ಅವಳ ಮನೆದೇವರ ಹೆಸರನ್ನೂ ಕಲಿತುಕೊಂಡು, ‘ಅಣ್ಣ’ನಾಗಿ ಬಂದು ಸಹಿ ಹಾಕಲು ತಯಾರಿದ್ದ. ಅವಳು ಹೋಗುವುದರಲ್ಲಿ ನಮಗೆ ಯಾರಿಗೂ ಅನುಮಾನವಿರಲಿಲ್ಲ.

ಮಂಜುಳಾಳನ್ನು ಕೇಳಿಕೊಂಡು ಅವಳ ಚಿಕ್ಕಪ್ಪ ಬಂದ. ರೇಷನ್ ಕಾರ್ಡು ತಂದಿದ್ದ. ಮನೆದೇವರು ಮುಡುಕುತೊರೆ ಮಲ್ಲಪ್ಪ ಎಂದ. ಅವಳೂ ಅದನ್ನೇ ಹೇಳಿದಳು. “ಇವಳ ಮುಡಿ ಕೊಟ್ಟಿದ್ದೂ ಅಲ್ಲೇ ಮೇಡಂ. ಅತ್ಕೊಂಡು ಅತ್ಕೊಂಡು ನನ್ನ ಶರ್ಟೆಲ್ಲಾ ನೆನೆಸಿದ್ಳು” ಎಂದು ಕಣ್ಣು ಒರೆಸಿಕೊಂಡ. ಸುಳ್ಳಲ್ಲ, ಅವನು ಅವಳ ಅಪ್ಪನ ಒಡಹುಟ್ಟಿದ ತಮ್ಮನೇ. ಕಮಲಮ್ಮನವರು ಸಂತೋಷದಿಂದ, ಮರುದಿನ ಕೋರ್ಟಿನಲ್ಲಿ ಅವನಿಗೆ ಒಪ್ಪಿಸಬಹುದು ಎಂದು ಬರೆಯಲು ಹೇಳಿದರು.

ನಾನು ವರಾಂಡಕ್ಕೆ ಬಂದಾಗ ನಾಗರತ್ನ ಕಂಬಕ್ಕೆ ಒರಗಿ ಕಾಯುತ್ತಿದ್ದಳು. ಅವಳು ದನಿ ತಗ್ಗಿಸಿ ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

“ಆ ಮಗೂನ ಅವನ ಜೊತೆ ಕಳಿಸ್ಬೇಡಿ ಮೇಡಂ.”

“ಯಾಕೆ? ಅವನು ಸ್ವಂತ ಚಿಕ್ಕಪ್ಪ.”

“ಗೊತ್ತು. ಆ ಚಿಕ್ಕಪ್ಪನೇ ಅವಳನ್ನ ಲಾಡ್ಜಿಗೆ ತಂದು ಬಿಟ್ಟಿದ್ದು. ಮ್ಯಾನೇಜರ್ ಹತ್ರ ಮಾತಾಡ್ತಿದ್ದಾಗ ನಾನು ಅಲ್ಲೇ ಇದ್ದೆ.”

“ಇದನ್ನ ಕೋರ್ಟಲ್ಲಿ ಹೇಳ್ತೀಯಾ?”

“ಹೇಳಿದ್ರೆ, ನೀನಲ್ಲಿ ಏನ್ಮಾಡ್ತಿದ್ದೆ ಅಂತ ಕೇಳ್ತಾರಲ್ಲ. ಮದ್ವೆಗೆ ಬಂದಿದ್ದೆ ಅನ್ನೋ ಕಥೆ ಅಲ್ಲಿಗೆ ಮುಗೀತು. ಮನೇಲಿ ಮಗಳಿದಾಳೆ ಮೇಡಂ. ಅಮ್ಮನಿಗೆ ಕಣ್ಣು ಸರಿಯಾಗಿ ಕಾಣಲ್ಲ.”

ಅವಳನ್ನು ಕೋರ್ಟು ಬಿಟ್ಟುಬಿಡುತ್ತದೆ ಎಂದು ನಾನು ಮಾತು ಕೊಡಲಿಲ್ಲ. ಕೊಡುವ ಹಾಗಿರಲಿಲ್ಲ. ಒಳಗೆ ಹೋಗಿ ಮಂಜುಳಾಳನ್ನು ಒಬ್ಬಳನ್ನೇ ಕರೆದು ಕೂರಿಸಿಕೊಂಡೆ. ಚಿಕ್ಕಪ್ಪ ಒಳ್ಳೆಯವನೇ ಎಂದು ಕೇಳಿದರೆ ಅವಳು ಹೌದು ಎನ್ನುತ್ತಾಳೆ ಎಂದು ಗೊತ್ತಿತ್ತು. ಅದಕ್ಕೇ ಅದನ್ನು ಬಿಟ್ಟು, “ನಿಂಗೆ ಎಲ್ಲಿಗೆ ಹೋಗ್ಬೇಕು ಅನ್ಸುತ್ತೆ?” ಎಂದು ಕೇಳಿದೆ. ಇಷ್ಟು ವರ್ಷ ಯಾರನ್ನೂ ಕೇಳದ ಪ್ರಶ್ನೆ.

“ಇಲ್ಲೇ ಇರ್ತೀನಿ ಅಕ್ಕ” ಎಂದಳು.

ನಮ್ಮ ನಿಲಯದಲ್ಲಿ ಇರುತ್ತೇನೆ ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗೋಡೆ ಹಾರಿದವರನ್ನು ಕಂಡಿದ್ದೆ. “ಇಲ್ಲೇನಿದೆ ಅಂತ ಇರ್ತೀಯೇ?” ಎಂದೆ.

“ಇಲ್ಲಿ ಬಾಗ್ಲಿಗೆ ಬೀಗ ಹಾಕ್ತಾರಲ್ಲ” ಎಂದಳು.

ಬೇಲಿಯೇ ಎದ್ದು ಹೊಲ ಮೇಯುವಾಗ ಮನೆದೇವರನ್ನು ಕೇಳಿ ಏನು ಪ್ರಯೋಜನ? ಅವನು ಯಾರು ಎಂಬುದನ್ನು ನನ್ನ ಪ್ರಶ್ನೆ ಸರಿಯಾಗಿಯೇ ಹೇಳಿತ್ತು. ಅವನ ಕೈಯಲ್ಲಿ ಹುಡುಗಿ ಹೇಗಿರುತ್ತಾಳೆ ಎಂಬುದು ಅದಕ್ಕೆ ಗೊತ್ತಾಗುವಂತಿರಲಿಲ್ಲ.

ಕಮಲಮ್ಮನವರು ಒಪ್ಪಲಿಲ್ಲ. “ರಕ್ತಸಂಬಂಧ ಕಣ್ರೀ. ನಿಮ್ಮ ಪ್ರಶ್ನೇಲೇ ಪಾಸಾಗಿದಾನೆ. ಆ ನಾಗರತ್ನನ ಮಾತು ಕಟ್ಕೊಂಡು ಚಿಕ್ಕಪ್ಪನ್ನ ಕಳ್ಳ ಅಂತೀರಾ?”

“ನನ್ನ ಪ್ರಶ್ನೇನೇ ಸಾಲದು ಮೇಡಂ. ಚಿಕ್ಕಪ್ಪನ ಮೇಲೆ ಅನುಮಾನ ಇದೆ, ವಯಸ್ಸಿನ ಪರೀಕ್ಷೆ ಆಗ್ಬೇಕು ಅಂತ ಬರೀತೀನಿ, ನೀವು ಬೇಕಾದ್ರೆ ನಿಮ್ಮ ಅಭಿಪ್ರಾಯ ಬೇರೆ ಅಂತ ಬರ್ಕೊಳ್ಳಿ” ಎಂದೆ. ಹಾಗೆಯೇ ಬರೆದೆ.

ಮರುದಿನ ಮ್ಯಾಜಿಸ್ಟ್ರೇಟರು ನನ್ನ ವರದಿ ಓದಿ, ಚಿಕ್ಕಪ್ಪನ ಮೇಲೆ ಅನುಮಾನಕ್ಕೆ ಆಧಾರವೇನು ಎಂದು ಕೇಳಿದರು. ಹುಡುಗಿ ಅವನ ಎದುರು ಬಾಯಿ ಬಿಡುತ್ತಿರಲಿಲ್ಲ. ನಾನು ಮಾತಾಡಲು ಹೊರಡುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ತನ್ನ ಬಿಡುಗಡೆಯ ಸರದಿಗೆ ಕಾಯುತ್ತಿದ್ದ ನಾಗರತ್ನ ಎದ್ದು ನಿಂತಳು. “ಸ್ವಾಮಿ, ನಾನು ಮದ್ವೆಗೆ ಬಂದಿರ್ಲಿಲ್ಲ. ನಾನು ಅಲ್ಲಿ ದಂಧೆಗೆ ಹೋಗಿದ್ದೆ. ಅದಕ್ಕೇ ಇವನನ್ನ ನೋಡಿದ್ದು” ಎಂದಳು. ಆಮೇಲೆ ಕಂಡದ್ದನ್ನು ಕಂಡಂತೆ ಹೇಳಿದಳು. ವಯಸ್ಸಿನ ಪರೀಕ್ಷೆಗೆ ಆದೇಶವಾದ ಕೂಡಲೇ ಚಿಕ್ಕಪ್ಪ ಕಾಫಿ ಕುಡಿದು ಬರುತ್ತೇನೆಂದು ಹೊರಟ, ಕಾನ್‌ಸ್ಟೇಬಲ್ ಗೇಟಿನಿಂದ ಹಿಡಿದು ತಂದ. ಎಕ್ಸ್‌ರೇ ನೋಡಿದ ಡಾಕ್ಟರು ಹುಡುಗಿಗೆ ಹದಿನೆಂಟು ಆಗಿಲ್ಲವೆಂದು ಬರೆದುಕೊಟ್ಟರು. ಅವಳನ್ನು ಬೇರೆ ಊರಿನ ಹಾಸ್ಟೆಲ್ಲಿಗೆ ಸೇರಿಸುವ ಏರ್ಪಾಡಾಯಿತು. ಅವಳ ಮುಂದಿನ ಬದುಕು ಅವಳದು, ನಾನು ಬರೆಯುವುದು ಸರಿಯಲ್ಲ.

ನಾಗರತ್ನಳ ಗತಿ? ಮ್ಯಾಜಿಸ್ಟ್ರೇಟರು ಕೆಟ್ಟವರಲ್ಲ. ಇಂಥ ಒಳ್ಳೆಯ ಮನಸ್ಸಿನ ಹೆಂಗಸನ್ನು ಮತ್ತೆ ಬೀದಿಗೆ ಬಿಡಬಾರದೆಂದು, ಅವಳ ಸುಧಾರಣೆಗಾಗಿ ಒಂದು ವರ್ಷ ನಿಲಯದಲ್ಲಿ ಇರಿಸಬೇಕೆಂದು ಆದೇಶ ಮಾಡಿದರು. ಓಕಳಿಪುರದ ‘ಅಣ್ಣ’ ಅಷ್ಟರಲ್ಲಿ ಪರಾರಿಯಾಗಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಸುಳ್ಳು ಹೇಳಿದಾಗಲೆಲ್ಲ ಬಿಡುಗಡೆಯಾದವಳು ಒಂದು ನಿಜ ಹೇಳಿ ಒಳಗಾದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ರಾತ್ರಿ ಊಟ ಸೇರಲಿಲ್ಲ.

ಆ ದಿನಗಳಲ್ಲಿ ಈ ದಂಧೆಯ ಮೇಲಿನ ಕಾನೂನನ್ನು ತಿದ್ದಬೇಕು ಎಂಬ ಮಾತು ಎಲ್ಲೆಡೆ ನಡೆದಿತ್ತು. ಬಸವನಗುಡಿಯ ಸಭಾಂಗಣವೊಂದರಲ್ಲಿ ಚರ್ಚೆ ಇಟ್ಟು ನನ್ನನ್ನೂ ಕರೆದರು. ಒಬ್ಬ ಹಿರಿಯರು, ಯಾವ ಹೆಣ್ಣೂ ಇದಕ್ಕೆ ಇಷ್ಟಪಟ್ಟು ಬರುವುದಿಲ್ಲ, ಇದೆಲ್ಲವೂ ಹೆಣ್ಣುಮಕ್ಕಳ ಸಾಗಾಣಿಕೆಯೇ, ದಂಧೆಯನ್ನು ಬೇರುಸಹಿತ ಕಿತ್ತುಹಾಕಬೇಕು ಎಂದರು. ಇನ್ನೊಬ್ಬ ಹೆಣ್ಣುಮಗಳು, ಇದನ್ನು ದುಡಿಮೆಯೆಂದು ಒಪ್ಪಿಕೊಳ್ಳಿ, ಬಲಿತವರನ್ನು ಪೊಲೀಸರಿಂದ ಕಾಪಾಡಿ ಎಂದಳು. ನಾನು ಹೆಸರು ಹೇಳದೆ ಮಂಜುಳಾ, ನಾಗರತ್ನ ಇಬ್ಬರ ಕಥೆಯನ್ನೂ ಹೇಳಿದೆ. ಹಿರಿಯರು ಹುಡುಗಿಯ ಕಥೆಯನ್ನು ಎತ್ತಿಕೊಂಡು, ನೋಡಿ ನಾನು ಹೇಳಲಿಲ್ಲವೇ ಎಂದರು. ಆ ಹೆಣ್ಣುಮಗಳು ನಾಗರತ್ನಳ ಕಥೆಯನ್ನು ಎತ್ತಿಕೊಂಡು ಅದನ್ನೇ ಹೇಳಿದಳು. ಇಬ್ಬರೂ ನಮ್ಮ ನಿಲಯದ ಒಂದೇ ಕೋಣೆಯಲ್ಲಿ ಮಲಗಿದ್ದರು ಎಂಬುದು ಯಾರ ವಾದಕ್ಕೂ ಬೇಕಾಗಿರಲಿಲ್ಲ.

ನನ್ನ ಅಭಿಪ್ರಾಯವನ್ನು ಅಲ್ಲಿಯೇ ಹೇಳಿದೆ, ಈಗಲೂ ಬದಲಿಸಿಲ್ಲ. ಮಗುವನ್ನು ತಂದವನನ್ನು, ಮೋಸದಿಂದಲೋ ಬಲವಂತದಿಂದಲೋ ಯಾರನ್ನೇ ತಂದವನನ್ನು ಬಿಡಬೇಡಿ, ಅವನು ಒಡಹುಟ್ಟಿದವನಾದರೂ. ಬಲಿತ ಹೆಂಗಸು ತನ್ನ ಬದುಕು ತನ್ನದು ಎಂದರೆ ಅವಳನ್ನು ಬೀಗ ಹಾಕಿ ಉದ್ಧಾರ ಮಾಡಬೇಡಿ. ಇವೆರಡೂ ಒಬ್ಬಳಲ್ಲೇ ಬೆರೆತಿರಬಹುದು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ನಾಗರತ್ನಳನ್ನೇ ಕೇಳಿದ್ದೆ. “ನನ್ನನ್ನೂ ಒಬ್ಬಳು ಕೆಲಸ ಕೊಡಿಸ್ತೀನಿ ಅಂತ್ಲೇ ತಂದಿದ್ದು ಮೇಡಂ. ಅವಳು ಸಿಕ್ಕಿದ್ರೆ ಈಗ್ಲೂ ಜೈಲಿಗೆ ಹಾಕಿ. ಅದು ಆವತ್ತಿನ ಮಾತು. ಇವತ್ತು ಬೀಗ ಹಾಕಿರೋದು ನೀವು” ಎಂದಿದ್ದಳು. ಸಭೆಯಲ್ಲಿ ಆ ಮಾತನ್ನೂ ಹೇಳಿಯೇ ಕೆಳಗಿಳಿದೆ.

ಆದರೆ ಸಭೆಯಿಂದ ಒಂದು ಲಾಭವಾಯಿತು. ವೈಯಾಲಿಕಾವಲ್‌ನ ವಿನುತಾ ಎಂಬ ಎಳೆಯ ವಕೀಲೆ ಹೊರಗೆ ನನ್ನನ್ನು ತಡೆದು, “ಮೇಡಂ, ಅವ್ರು ಇನ್ನೂ ಒಳಗಿದಾರಾ? ಮೇಲಿನ ಕೋರ್ಟಿಗೆ ಹೋಗೋಣ. ನೀವು ಕಂಡಿದ್ದನ್ನ ಬರ್ದು ಕೊಡ್ತೀರಾ?” ಎಂದಳು. ಕೊಟ್ಟೆ. ಇಲಾಖೆಯ ದೊಡ್ಡವರೊಬ್ಬರು ಕರೆಸಿ, “ನೀವು ಸರ್ಕಾರದ ಕಡೆಯೋರೋ ಅವಳ ಕಡೆಯೋರೋ?” ಎಂದು ಗದರಿದರು. “ನಿಜ ಬರೀರಿ ಅಂತ್ಲೇ ಅಲ್ವಾ ಸಾರ್ ಸರ್ಕಾರ ಸಂಬಳ ಕೊಡ್ತಿರೋದು” ಎಂದೆ. ಅವರು ಆಮೇಲೆ ನನ್ನನ್ನು ಮಾತಾಡಿಸಲಿಲ್ಲ, ಅದರಿಂದ ನನಗೆ ನಷ್ಟವೇನೂ ಆಗಲಿಲ್ಲ. ಬಲಿತ ಹೆಂಗಸನ್ನು ಅವಳ ಇಚ್ಛೆಗೆ ವಿರುದ್ಧವಾಗಿ ಇರಿಸಿಕೊಳ್ಳಲು ಕಾರಣವಿಲ್ಲ, ಬಿಟ್ಟುಬಿಡಿ ಎಂದು ಮೇಲಿನ ಕೋರ್ಟು ಹೇಳಿತು.

ಆದೇಶ ನಿಲಯಕ್ಕೆ ತಲುಪಿದ ಮಧ್ಯಾಹ್ನ ನಾನು ಅಲ್ಲಿಯೇ ಇದ್ದೆ. ನಾಗರತ್ನ ಬಟ್ಟೆಯ ಚೀಲ ಹಿಡಿದು ಕಮಲಮ್ಮನವರ ಮೇಜಿನ ಮುಂದೆ ನಿಂತಿದ್ದಳು. ಅವರು ಕನ್ನಡಕ ಏರಿಸಿಕೊಂಡು ಬಿಡುಗಡೆಯ ಪುಸ್ತಕ ತೆರೆದರು. ಅದರಲ್ಲಿ ಗೆರೆ ಎಳೆದು, ಕರೆದುಕೊಂಡು ಹೋಗುವವರ ಹೆಸರಿಗೊಂದು ಮನೆ, ಸಂಬಂಧಕ್ಕೊಂದು ಮನೆ ಮಾಡಿತ್ತು.

“ಯಾರು ಬಂದಿದಾರೆ ಕರ್ಕೊಂಡು ಹೋಗೋಕೆ?” ಎಂದರು.

“ನಾನೇ ಮೇಡಂ.”

“ಅದಲ್ಲ ಕಣೇ. ನಿನ್ನ ಕರ್ಕೊಂಡು ಹೋಗೋಕೆ ಯಾರು ಬಂದಿದಾರೆ ಅಂತ ಕೇಳಿದ್ದು.”

“ನಾನೂ ಅದನ್ನೇ ಹೇಳ್ತಿರೋದು. ನನ್ನ ಕರ್ಕೊಂಡು ಹೋಗೋಕೆ ನಾನೇ ಬಂದಿದೀನಿ.”

ಕಮಲಮ್ಮನವರು ನನ್ನ ಮುಖ ನೋಡಿದರು. “ಕೋರ್ಟು ಹೇಳಿರೋದೂ ಅಷ್ಟೇ ಮೇಡಂ” ಎಂದೆ. ಅವರು ನಿಟ್ಟುಸಿರು ಬಿಟ್ಟು ಮೊದಲ ಮನೆಯಲ್ಲಿ ನಾಗರತ್ನ ಎಂದು ಬರೆದರು. ಎರಡನೆಯದಕ್ಕೆ ಬಂದು ಪೆನ್ನು ನಿಂತಿತು.

“ಸಂಬಂಧ ಏನಂತ ಬರೀಲಿ?”

“ಸ್ವಂತ ಅಂತ ಬರ್ಕೊಳ್ಳಿ” ಎಂದಳು ನಾಗರತ್ನ.

ಕಮಲಮ್ಮನವರು ಹಾಗೆಯೇ ಬರೆದುಕೊಂಡು, ಸಹಿಗೆಂದು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು.